ವಿಮಾನಕ್ಕೊಂದು ಜೇಬು

ನಾಲ್ಕು ಜನರ ಕಣ್ಣಿಗೆ ಬೀಳುವುದೆಂದರೆ ನನಗೆ ಮೊದಲಿನಿಂದಲೂ ಆಗದು. ಮದುವೆಮನೆಯಲ್ಲಿ ಊಟಕ್ಕೆ ಕೂರುವಾಗ ಕಂಬದ ಮರೆಯ ಎಲೆಯನ್ನೇ ಹುಡುಕುತ್ತೇನೆ. ಬಸ್ಸಿನಲ್ಲಿ ಕಂಡಕ್ಟರು "ಆ ಕನ್ನಡಕದ ಅಮ್ಮಾರು ಸ್ವಲ್ಪ ಒಳಕ್ಕೆ ಸರೀರಿ" ಎಂದರೆ ಸಾಕು, ಬಸ್ಸಿನವರೆಲ್ಲ ತಿರುಗಿ ನನ್ನ ಕನ್ನಡಕವನ್ನು ನೋಡಿದರಲ್ಲ ಎಂದು ಇಳಿಯುವವರೆಗೂ ಸಂಕಟಪಡುತ್ತೇನೆ. ಶಾಲೆಯಲ್ಲಿ ಪಾಠ ಮಾಡುವುದು ಬೇರೆ ವಿಷಯ. ಅಲ್ಲಿ ಮಕ್ಕಳು ನೋಡುವುದು ಕಪ್ಪು ಹಲಗೆಯನ್ನು, ಇಲ್ಲವೇ ಕಿಟಕಿಯನ್ನು. ಇಂಥ ನಾನು ಈಗ ಎರಡು ತಾಲ್ಲೂಕುಗಳಲ್ಲಿ "ಆಕಾಶದಿಂದ ಕಾಯಿ ಒಗೆದ ಟೀಚರು" ಎಂದು ಹೆಸರುವಾಸಿಯಾಗಿದ್ದೇನೆ. ಏಕೆ ಒಗೆದಳು ಎಂಬುದಕ್ಕೆ ಊರಿಗೊಂದು ಕಾರಣ ಹುಟ್ಟಿದೆ. ಹರಕೆ ತೀರಿಸಿದಳು ಎನ್ನುವವರಿದ್ದಾರೆ. ತೆಂಗು ಬೆಳೆಸಲೆಂದು ಪಂಚವಾರ್ಷಿಕ ಯೋಜನೆಯವರು ಮೇಲಿನಿಂದಲೇ ಬೀಜದ ಕಾಯಿ ಹಾಕಿಸುತ್ತಿದ್ದಾರೆ ಎಂದು ಶಿರಾಳಕೊಪ್ಪದ ಸಂತೆಯಲ್ಲಿ ಒಬ್ಬರು ನನ್ನೆದುರಿಗೇ, ನಾನೇ ಅವಳೆಂದು ತಿಳಿಯದೆ, ವಿವರಿಸಿದರು. ನಾನು ಬದನೆಕಾಯಿ ಆರಿಸುತ್ತ ಸುಮ್ಮನಿದ್ದೆ. ಸುಮ್ಮನಿದ್ದದ್ದರಿಂದಲೇ ಕಥೆ ಇಷ್ಟು ಬೆಳೆಯಿತೆಂದು ಈಗ ಅನ್ನಿಸುತ್ತಿದೆ. ಆದ್ದರಿಂದ ನಡೆದದ್ದನ್ನು ನಡೆದಷ್ಟೇ ಬರೆದಿಡುತ್ತೇನೆ.

ಇದಕ್ಕೆಲ್ಲ ಮೂಲ ನನ್ನ ಚಿಕ್ಕಪ್ಪ. ಯುದ್ಧದ ಕಾಲದಲ್ಲಿ ಅವರು ಬೆಂಗಳೂರಿನಲ್ಲಿ ವಿಮಾನ ರಿಪೇರಿಯ ಕೆಲಸಕ್ಕೆ ಸೇರಿದ್ದರು. ಯುದ್ಧ ಮುಗಿದ ಮೇಲೂ ಬಹಳ ವರ್ಷ ಅಲ್ಲೇ ಇದ್ದು, ಹಾರುವುದನ್ನೂ ಕಲಿತರು. ನಾನು ಬಿ.ಎಸ್ಸಿ. ಓದಿದ್ದು ಅವರ ಮನೆಯಲ್ಲಿದ್ದುಕೊಂಡೇ. ಭಾನುವಾರ ಹಾರಲು ಹೋಗುವಾಗ ನನ್ನನ್ನೂ ಕರೆದೊಯ್ಯುತ್ತಿದ್ದರು. ಮೊದಲು ನೋಡುವುದಕ್ಕೆ, ಆಮೇಲೆ ಜೊತೆಯಲ್ಲಿ ಕೂರುವುದಕ್ಕೆ, ಕೊನೆಗೆ ಕಲಿಯುವುದಕ್ಕೆ. ಒಬ್ಬಳೇ ಏರಿಸಿ ಇಳಿಸುವಷ್ಟು ಕಲಿತೆ, ಲೈಸೆನ್ಸೂ ಬಂತು. ದಾವಣಗೆರೆಯಲ್ಲಿದ್ದ ಅಮ್ಮನಿಗೆ ನಾವು ಹೇಳಿದ್ದು "ಭಾನುವಾರ ಕ್ಲಾಸಿಗೆ ಹೋಗ್ತಾಳೆ" ಎಂದಷ್ಟೆ. ಅಮ್ಮ ಅದನ್ನು ಟೈಪಿಂಗ್ ಕ್ಲಾಸೆಂದು ತಿಳಿದಳು. ನಾವು ತಿದ್ದಲಿಲ್ಲ. "ನಮ್ಮ ವಿಮಲಾಗೆ ಟೈಪಿಂಗೂ ಬರುತ್ತೆ" ಎಂದು ಅವಳು ಬಂದವರಿಗೆಲ್ಲ ಹೇಳುತ್ತಿದ್ದುದರಿಂದ, ಯಾರಾದರೂ ಯಂತ್ರ ತಂದು ಎದುರಿಗಿಟ್ಟಾರೆಂಬ ಹೆದರಿಕೆ ನನಗೆ ಈಗಲೂ ಇದೆ.

ಆಮೇಲೆ ಚಿಕ್ಕಪ್ಪ ಊರಿಗೆ ಮರಳಿ ಶಿಕಾರಿಪುರದಲ್ಲಿ ಅಕ್ಕಿ ಗಿರಣಿ ಹಾಕಿದರು. ನನಗೂ ಅಲ್ಲಿಯ ಹೆಣ್ಣುಮಕ್ಕಳ ಶಾಲೆಯಲ್ಲಿ ಕೆಲಸ ಸಿಕ್ಕಿ, ಮತ್ತೆ ಅವರ ಮನೆಯಲ್ಲೇ ಉಳಿದೆ. ಗಿರಣಿಯ ಬೆಲ್ಟು ತಿರುಗುವಾಗ ಚಿಕ್ಕಪ್ಪ ತಲೆ ಓರೆಮಾಡಿ ನಿಲ್ಲುವ ರೀತಿ ನೋಡಿದರೆ, ಈ ಮನುಷ್ಯನ ಕಿವಿಗೆ ಕೇಳುತ್ತಿರುವುದು ಅಕ್ಕಿಯ ಸದ್ದಲ್ಲ ಎಂದು ಯಾರಿಗಾದರೂ ಗೊತ್ತಾಗುತ್ತಿತ್ತು. ಯುದ್ಧದ ಸಾಮಾನು ಹರಾಜಾದಾಗ ಕೊಂಡಿದ್ದ ಒಂದು ಸಣ್ಣ ವಿಮಾನದ ಇಂಜಿನ್ನು ಅವರ ಮಂಚದ ಕೆಳಗೆ ಗೋಣಿತಾಟು ಹೊದ್ದು ಮಲಗಿತ್ತು. ಒಂದು ದಿನ ಅದನ್ನು ಎಳೆದು ಹೊರಗೆ ತಂದರು. ವಿದೇಶದ ಪತ್ರಿಕೆಯೊಂದರಿಂದ ನಕ್ಷೆ ತರಿಸಿದರು. ಒಬ್ಬರೇ ಕೂರುವ, ತಲೆಯ ಮೇಲೆ ಸೂರಿಲ್ಲದ, ಮರ ಮತ್ತು ಬಟ್ಟೆಯ ವಿಮಾನ.

ಸುದ್ದಿ ಸೊರಬ ಮುಟ್ಟಲು ಒಂದು ಬಸ್ಸು ಸಾಕಾಯಿತು. ಸೊರಬ ಚಿಕ್ಕಮ್ಮನ ತವರು. ಆ ಸಲ ಹಬ್ಬಕ್ಕೆ ನಾವು ಮೂವರೂ ಅಲ್ಲಿಗೆ ಹೋಗಿದ್ದೆವು. ಹೋಳಿಗೆ ಬಡಿಸುತ್ತಿದ್ದ ಅಜ್ಜಿ, ಅಂದರೆ ಚಿಕ್ಕಮ್ಮನ ತಾಯಿ, ಅಳಿಯನ ಜೊತೆ ನೇರ ಮಾತಾಡುವ ಪದ್ಧತಿಯವಳಲ್ಲ. ಅಳಿಯನಿಗೆ ಹೇಳಬೇಕಾದ್ದನ್ನೆಲ್ಲ ಅಳಿಯನ ಎದುರಿಗೆ ಮಗಳಿಗೆ ಹೇಳುತ್ತಾಳೆ.

"ಪದ್ದೂ, ನಿಮ್ಮ ಯಜಮಾನ್ರು ಮರಗೆಲಸ ಶುರು ಮಾಡ್ಕಂಡಿದಾರಂತಲ್ಲೇ. ಇವರು ಕೂತಿರೋ ಮಣೆ ಅಲ್ಲಾಡ್ತದೆ. ಮೇಲೆ ಹಾರೋಕ್ಕಿಂತ ಮುಂಚೆ ಅದಕ್ಕೊಂದು ಮೊಳೆ ಹೊಡ್ದು ಕೊಟ್ಟು ಹೋಗ್ಲಿ ಅನ್ನು."

ಪಂಕ್ತಿಯವರೆಲ್ಲ ನಕ್ಕರು. ಚಿಕ್ಕಪ್ಪ ಹೋಳಿಗೆಯನ್ನು ಅರ್ಧಕ್ಕೆ ಬಿಟ್ಟು, "ಇನ್ನು ಈ ಮನೆಗೆ ಬರೋದಾದ್ರೆ ಹಾರಿಕೊಂಡೇ ಬರೋದು" ಎಂದು ಎದ್ದು ಕೈ ತೊಳೆದರು.

ಗಂಡಸರು ಇಂಥ ಮಾತುಗಳನ್ನು ಆಡಿ ಕೈ ತೊಳೆದುಬಿಡುತ್ತಾರೆ. ಅದರ ಭಾರ ಬಿದ್ದದ್ದು ಚಿಕ್ಕಮ್ಮನ ಮೇಲೆ. ಗಂಡ ಹೋಗದ ಮನೆಗೆ ತಾನೊಬ್ಬಳೇ ಹೋಗುವುದು ಸರಿಯಲ್ಲವೆಂದು ಅವಳೂ ಹೋಗಲಿಲ್ಲ. ಒಂದು ವರ್ಷವೆಂದುಕೊಂಡದ್ದು ಎರಡಾಯಿತು, ಮೂರಾಯಿತು. ಬಸ್ಸು ಹತ್ತಿದರೆ ಮಧ್ಯಾಹ್ನದ ಊಟಕ್ಕೆ ಮುಟ್ಟುವ ತವರು. ಅವಳು ಬಾಯಿಬಿಟ್ಟು ಏನೂ ಹೇಳುತ್ತಿರಲಿಲ್ಲ. ಆದರೆ ಸೊರಬದ ಬಸ್ಸು ನಮ್ಮ ಬೀದಿಯ ತಿರುವಿನಲ್ಲಿ ಹಾರ್ನ್ ಹಾಕಿದಾಗಲೆಲ್ಲ ಅಡಿಗೆಮನೆಯಲ್ಲಿ ರುಬ್ಬುವ ಗುಂಡು ಒಂದು ಕ್ಷಣ ನಿಲ್ಲುತ್ತಿತ್ತು. ಆಮೇಲೆ ಜೋರಾಗಿ ತಿರುಗುತ್ತಿತ್ತು. ವಿಮಾನದ ಕೆಲಸಕ್ಕೆ ಅವಳಷ್ಟು ಒತ್ತಾಯ ಮಾಡಿದವರು ಬೇರೆ ಯಾರೂ ಇಲ್ಲ. ಮರ ಅಂಟಿಸುವ ಅಂಟನ್ನು ಹಾಲಿನಿಂದ ಮಾಡುತ್ತಾರೆಂದು ತಿಳಿದಾಗ ಮಾತ್ರ, "ಮನೇಲಿ ಮೊಸರಿಗೆ ಹೆಪ್ಪು ಹಾಕೋಕೆ ಹಾಲಿಲ್ಲ, ರೆಕ್ಕೆಗೆ ಹಾಲಂತೆ" ಎಂದಳು. ಎಂದವಳೇ ಎಮ್ಮೆಗೆ ಇನ್ನೊಂದು ಹಿಡಿ ಹಿಂಡಿ ಹೆಚ್ಚಿಗೆ ಹಾಕಿದಳು. ನಮ್ಮ ಎಮ್ಮೆಯ ಹಾಲಿನಿಂದ ಅಂಟು ಆಗುವುದಿಲ್ಲ, ಅದು ಪುಡಿಯಾಗಿ ಡಬ್ಬದಲ್ಲಿ ಬರುತ್ತದೆ ಎಂದು ಹೇಳಲು ನಮಗಿಬ್ಬರಿಗೂ ಧೈರ್ಯ ಬರಲಿಲ್ಲ.

ವಿಮಾನ ನಡುಮನೆಯಲ್ಲಿ ಬೆಳೆಯಿತು. ಕಟ್ಟಿ ಮುಗಿಸಿದ ಮೇಲೆ ಅದು ಬಾಗಿಲಿನಿಂದ ಹೊರಗೆ ಬರಲಿಲ್ಲ, ಗೋಡೆ ಒಡೆಯಬೇಕಾಯಿತು ಎಂದು ಊರಿನಲ್ಲಿ ಒಂದು ಕಥೆಯಿದೆ. ಸುಳ್ಳು. ಬಾಗಿಲನ್ನು ಮೊದಲೇ ಅಳೆದಿದ್ದೆ. ನನ್ನ ಕೆಲಸವೇ ಅದು: ಅಳೆಯುವುದು, ತೂಗುವುದು, ಪ್ರತಿಯೊಂದು ತುಂಡಿನ ಭಾರ ಎಷ್ಟು, ಅದು ಎಲ್ಲಿ ಕೂರುತ್ತದೆ ಎಂದು ಲೆಕ್ಕ ಹಾಕುವುದು. ವಿಮಾನಕ್ಕೆ ಭಾರ ಎಷ್ಟಿದೆ ಎನ್ನುವುದಕ್ಕಿಂತ ಭಾರ ಎಲ್ಲಿದೆ ಎನ್ನುವುದು ಮುಖ್ಯ. ಇದನ್ನು ನಾನು ಊಟದ ಹೊತ್ತಿನಲ್ಲಿ ಎಷ್ಟು ಸಲ ಹೇಳಿದ್ದೆನೆಂದರೆ, ಚಿಕ್ಕಮ್ಮ ಪಲ್ಯದ ಪಾತ್ರೆ ಮುಂದಿಡುವಾಗ "ಇಲ್ಲಿಡ್ಲೋ, ಇನ್ನೂ ಹಿಂದಿಡ್ಲೋ?" ಎಂದು ಕೇಳುತ್ತಿದ್ದಳು.

ಮರದ ಹಂದರದ ಮೇಲೆ ಬಟ್ಟೆ ಹೊದಿಸುವ ಕೆಲಸಕ್ಕೆ ಇಮಾಂ ಸಾಹೇಬರು ಬಂದರು. ಪೇಟೆಯಲ್ಲಿ ಕೋಟು ಹೊಲಿಯುವುದಕ್ಕೆ ಹೆಸರಾದ ದರ್ಜಿ. ಅಮಲ್ದಾರರ ಕೋಟು ತಮ್ಮದೇ ಎಂದು ಅಮಲ್ದಾರರ ಎದುರಿಗೇ ಹೇಳುವಷ್ಟು ಅಭಿಮಾನ ಅವರಿಗೆ. ಕೊರಳಿಗೆ ಟೇಪು ಹಾಕಿಕೊಂಡು ವಿಮಾನದ ಸುತ್ತ ಎರಡು ಸುತ್ತು ಬಂದು, "ಎಷ್ಟು ಟೈಟ್ ಬೇಕ್ರೀ ಯಜಮಾನ್ರೇ?" ಎಂದರು.

"ತಮಟೆ ಥರ ಇರ್ಬೇಕು ಸಾಹೇಬ್ರೇ."

"ಕುಂತು ಏಳಾಕೆ ಒಂಚೂರು ಲೂಸ್ ಬಿಡಬೇಕಲ್ರೀ?"

"ಅದು ಕೂತುಕೊಳ್ಳೋದಿಲ್ಲ."

"ಈಗ ಹಂಗೇ ಅಂತಾರೆ. ಆಮೇಲೆ ಹೊಲಿಗೆ ಬಿಚ್ಚಿದ್ರೆ ಇಮಾಂ ಸಾಬಂದು ತಪ್ಪು ಅಂತಾರೆ," ಎಂದು ಅವರು ನನ್ನ ಕಡೆ ತಿರುಗಿದರು. "ಅಮ್ಮಾರೇ, ಜೇಬು ಎಲ್ಲಿಡ್ಲಿ?"

ಜೇಬು ಬೇಡವೆಂದೆ. ಸಾಹೇಬರಿಗೆ ನಿಜವಾಗಿ ನೋವಾಯಿತು. "ಜೇಬಿಲ್ಲದ ಬಟ್ಟೆ ಇವತ್ತಿನ ತನಕ ನನ್ನ ಕೈಯಿಂದ ಹೋಗಿಲ್ಲ ಅಮ್ಮಾರೇ. ಇಷ್ಟು ದೊಡ್ಡ ಮೈ, ಒಂದು ಜೇಬಿಲ್ಲ ಅಂದ್ರೆ ನೋಡ್ದೋರು ಏನಂದಾರು?" ಎಂದರು. ಅಡಿಗೆಮನೆಯ ಬಾಗಿಲಲ್ಲಿ ನಿಂತಿದ್ದ ಚಿಕ್ಕಮ್ಮ ಇದನ್ನು ಕೇಳುತ್ತಿದ್ದಳು. ಆಗ ಅವಳ ಮುಖವನ್ನು ನೋಡಬೇಕಾಗಿತ್ತು, ನಾನು ನೋಡಲಿಲ್ಲ. ಕೆಲಸ ಮುಗಿದಾಗ ಸೀಟಿನ ಹಿಂದೆ, ಬಾಲದ ಕಡೆಗೆ ಇಳಿಯುವಂತೆ, ಬಾಯಿಗೆ ಎರಡು ಗುಂಡಿಯಿದ್ದ ಉದ್ದನೆಯ ಜೇಬೊಂದು ತೂಗುತ್ತಿತ್ತು. "ಹೋಗ್ಲಿ ಬಿಡು, ಕರ್ಚೀಫು ಇಟ್ಟುಕೊಳ್ಳೋಕಾಯ್ತು" ಎಂದರು ಚಿಕ್ಕಪ್ಪ. ಹೊಲಿಗೆ ಬಿಚ್ಚಿಸುವ ಮನಸ್ಸು ನನಗೂ ಬರಲಿಲ್ಲ. ಬಟ್ಟೆಯ ತೂಕವನ್ನು, ಗುಂಡಿ ಸಹಿತ, ಲೆಕ್ಕಕ್ಕೆ ಸೇರಿಸಿಕೊಂಡೆ. ಜೇಬನ್ನು ಯಾರೂ ಖಾಲಿ ಇಡಲು ಹೊಲಿಸುವುದಿಲ್ಲ ಎನ್ನುವುದು ಆ ಲೆಕ್ಕದಲ್ಲಿ ಎಲ್ಲೂ ಇರಲಿಲ್ಲ.

ಇನ್ನು ತೂಕದ ಪ್ರಕರಣ. ಚಿಕ್ಕಪ್ಪನಿಗೆ ಆ ವಿಮಾನದ ಮೇಲೆ ಬಹಳ ಪ್ರೀತಿ. ಆ ಪ್ರೀತಿಯೆಲ್ಲ ಮರದ ದಪ್ಪದಲ್ಲಿ ಸೇರಿಕೊಂಡಿತ್ತು. ನಕ್ಷೆಯಲ್ಲಿ ಬೆರಳಷ್ಟು ಎಂದಿದ್ದಲ್ಲಿ ಅವರದು ಹೆಬ್ಬೆರಳಷ್ಟು. ಕಟ್ಟಿ ಮುಗಿದಾಗ ಅದು ಇರಬೇಕಾದ್ದಕ್ಕಿಂತ ಸಾಕಷ್ಟು ಭಾರವಾಗಿತ್ತು. ವಿಮಾನಯಾನ ಇಲಾಖೆಯ ಅಧಿಕಾರಿಯೊಬ್ಬರು ಬೆಂಗಳೂರಿನಿಂದ ಬಂದು, ಎಲ್ಲವನ್ನೂ ತಟ್ಟಿ ಕುಟ್ಟಿ ನೋಡಿ, ಕೆಲಸ ಚೆನ್ನಾಗಿದೆಯೆಂದು ಒಪ್ಪಿ, ಕೂರುವವರು ಇಷ್ಟಕ್ಕಿಂತ ಹೆಚ್ಚು ತೂಗಬಾರದು ಎಂದು ಹೇಳಿ ಹೋದರು. ಮರುದಿನ ಚಿಕ್ಕಪ್ಪ ಮಂಡಿಗೆ ಹೋಗಿ ಚೀಲ ತೂಗುವ ತಕ್ಕಡಿಯಲ್ಲಿ ಕೂತರು. ಒಂದು ಕಡೆ ಅವರು, ಇನ್ನೊಂದು ಕಡೆ ಒಂದರ ಮೇಲೊಂದು ಕಲ್ಲು. ತೂಗುವವನು ಕಲ್ಲು ಹಾಕಿ ಹಾಕಿ, "ಕಾಳು ಗಟ್ಟಿ ಐತ್ರೀ ಯಜಮಾನ್ರೇ, ಒಳ್ಳೇ ರೇಟು ಬರ್ತೈತಿ" ಎಂದ. ಅಧಿಕಾರಿಗಳು ಹೇಳಿದ ಅಳತೆಗೆ ಬರಬೇಕಾದರೆ ಚಿಕ್ಕಪ್ಪ ತಮ್ಮ ಕಾಲುಭಾಗವನ್ನು ಶಿಕಾರಿಪುರದಲ್ಲಿ ಬಿಟ್ಟುಹೋಗಬೇಕಾಗಿತ್ತು.

ಅವರು ಪಥ್ಯ ಶುರುಮಾಡಿದರು. ಮಧ್ಯಾಹ್ನ ಮಜ್ಜಿಗೆ, ರಾತ್ರಿ ಎರಡು ಬಾಳೆಹಣ್ಣು. ಇದು ಬೇರೆ ಊರಿನಲ್ಲಾಗಿದ್ದರೆ ನಡೆಯುತ್ತಿತ್ತೋ ಏನೋ. ನಮ್ಮ ಕಡೆ ಒಬ್ಬ ಮನುಷ್ಯ ಊಟ ಬಿಟ್ಟನೆಂದರೆ ಕಾರಣ ಎರಡೇ: ಕಾಯಿಲೆ, ಇಲ್ಲವೇ ಹೆಂಡತಿಯೊಡನೆ ಜಗಳ. ಎರಡಕ್ಕೂ ಮದ್ದು ಒಂದೇ. ಮೊದಲನೆಯ ವಾರದಲ್ಲೇ ಪಕ್ಕದ ಮನೆಯಿಂದ ಅಂಟಿನುಂಡೆ ಬಂತು. ಗಿರಣಿಗೆ ಬತ್ತ ತರುವವರು ಹಸುವಿನ ತುಪ್ಪ ತಂದರು. ಜಗಳವೆಂದು ನಂಬಿದವರು ಚಿಕ್ಕಪ್ಪನನ್ನು ತಮ್ಮ ಮನೆಗೆ ಕರೆದೊಯ್ದು, ಎದುರಿಗೆ ಕೂತು, "ಹೆಣ್ಣುಮಕ್ಕಳ ಮಾತು ಮನಸಿಗೆ ಹಚ್ಕೋಬಾರ್ದ್ರೀ" ಎನ್ನುತ್ತ ಒಬ್ಬಟ್ಟು ಬಡಿಸಿದರು. ಬೇಡವೆಂದು ಕೈ ಅಡ್ಡ ಹಿಡಿದರೆ ನಮ್ಮಲ್ಲಿ ಅದಕ್ಕೆ ಇನ್ನೆರಡು ಹಾಕಿ ಎಂದು ಅರ್ಥ. ಪಥ್ಯ ಮುಗಿಸಿ ಚಿಕ್ಕಪ್ಪ ಮತ್ತೆ ತಕ್ಕಡಿಯಲ್ಲಿ ಕೂತಾಗ, ತೂಗುವವನು ಇನ್ನೊಂದು ಕಲ್ಲನ್ನು ಹುಡುಕಿಕೊಂಡು ಹೋದ.

ಅಷ್ಟರಲ್ಲಿ ಬೇಸಿಗೆ ಮುಗಿಯುತ್ತ ಬಂದಿತ್ತು. ನಮಗಿದ್ದ ಬಯಲೆಂದರೆ ನೀರು ಬತ್ತಿದ ಕೆರೆಯ ಅಂಗಳ ಒಂದೇ. ಮಳೆ ಹಿಡಿದರೆ ಅದು ಕೆರೆಯಾಗುತ್ತದೆ, ವಿಮಾನ ಇನ್ನೊಂದು ವರ್ಷ ನಡುಮನೆಯಲ್ಲಿ ಕೂರುತ್ತದೆ, ಚಿಕ್ಕಮ್ಮನಿಗೆ ಇನ್ನೊಂದು ವರ್ಷ ತವರಿಲ್ಲ. ಒಂದು ಸಂಜೆ ಚಿಕ್ಕಪ್ಪ ಜಗಲಿಯಲ್ಲಿ ಮೋಡ ನೋಡುತ್ತ ಕೂತಿದ್ದಾಗ ಚಿಕ್ಕಮ್ಮ ಮೊರದಲ್ಲಿ ಅಕ್ಕಿ ಆರಿಸುತ್ತ, ಯಾರ ಮುಖವನ್ನೂ ನೋಡದೆ ಕೇಳಿದಳು: "ಇವಳೆಷ್ಟು ತೂಗ್ತಾಳೆ?"

ನಾನು ಎಷ್ಟು ತೂಗುತ್ತೇನೆಂದು ನಾನು ಯಾರಿಗೂ ಹೇಳಿರಲಿಲ್ಲ. ಆದರೆ ಆ ಲೆಕ್ಕವನ್ನು ಮನಸ್ಸಿನಲ್ಲಿ ಎಂದೋ ಹಾಕಿ ನೋಡಿದ್ದೆ. ನನಗೆ ಹಾರುವ ಆಸೆಯಿತ್ತು. ಇದನ್ನು ಬರೆಯುವುದಕ್ಕೂ ನನಗೆ ಸಂಕೋಚವಾಗುತ್ತದೆ. ಬೇರೆಯವರು ಮೂರು ವರ್ಷ ದುಡಿದು ಕಟ್ಟಿದ್ದನ್ನು ಬಯಸುವುದು ಒಳ್ಳೆಯ ಲಕ್ಷಣವಲ್ಲ. ಆದ್ದರಿಂದ ಕೇಳಿದ್ದಕ್ಕಷ್ಟೇ ಉತ್ತರ ಹೇಳಿದೆ.

"ಅಳತೆಗಿಂತ ಕಮ್ಮೀನೇ ಅಲ್ವೇನ್ರೀ?" ಎಂದಳು ಚಿಕ್ಕಮ್ಮ.

"ಬರೋದಾದ್ರೆ ನಾನು ಹಾರಿಕೊಂಡು ಬರ್ತೀನಿ ಅಂತ ಹೇಳಿದ್ದು. ನಾನು."

"ವಿಮಾನ ನಿಮ್ದು. ಅದು ಮೊದ್ಲು ಹೋಗಿ ಸೊರಬದ ನೆಲ ಮುಟ್ಲಿ, ಹಿಂದೇನೇ ಬಸ್ಸಲ್ಲಿ ನಾವು ಹೋಗೋಣ. ಮಾತು ಉಳಿದಂಗೇ ಆಯ್ತು. ಅದೇನಾದ್ರೂ ಅರ್ಧ ದಾರೀಲಿ ವಾಪಸ್ ಬಂದ್ರೆ ನಾವೂ ವಾಪಸ್ಸು."

ಚಿಕ್ಕಪ್ಪ ಎದ್ದು ಒಳಗೆ ಹೋದರು. ಬಹಳ ಹೊತ್ತು ವಿಮಾನದ ಸೀಟಿನಲ್ಲಿ ಒಬ್ಬರೇ ಕೂತಿದ್ದರು. ಬೆಳಿಗ್ಗೆ ನಾನು ನೋಡಿದಾಗ, ನನ್ನ ಎತ್ತರಕ್ಕೆ ಸರಿಯಾಗಿ ಆ ಸೀಟಿನ ಮೇಲೊಂದು ದಿಂಬು ಕಟ್ಟಿತ್ತು. ನಮ್ಮಿಬ್ಬರಿಗೂ ಅಷ್ಟು ಸಾಕಾಗಿತ್ತು.

ಕೆರೆಯ ಅಂಗಳದಲ್ಲಿ ಹಲವು ಬೆಳಗು ಹಾರಿ ನೋಡಿದೆ. ವಿಮಾನ ನಾನೆಣಿಸಿದಂತೆಯೇ ನಡೆದುಕೊಂಡಿತು. ಹೊರಡುವ ದಿನ ಮಾತ್ರ ಏರಿಯ ಮೇಲೆ ಅರ್ಧ ಊರೇ ನಿಂತಿತ್ತು. ನಾನು ನಿರಿಗೆಗೆ ಪಿನ್ನು ಚುಚ್ಚಿ, ಸೆರಗು ಬಿಗಿದು, ಮೇಲೆ ಚಿಕ್ಕಪ್ಪನ ಹಳೆಯ ಕೋಟು ತೊಟ್ಟು, ತಲೆಗೆ ಚರ್ಮದ ಟೋಪಿ ಹಾಕಿಕೊಂಡು, ಆದಷ್ಟು ಬೇಗ ಒಳಗೆ ಹೊಕ್ಕು ತಲೆ ತಗ್ಗಿಸಿ ಕೂತೆ. ಸೂರಿಲ್ಲದ ವಿಮಾನದಲ್ಲಿ ಅಡಗಿಕೊಳ್ಳಲು ಜಾಗ ಕಡಿಮೆ. ಚಿಕ್ಕಮ್ಮ ಆರತಿ ಎತ್ತಿದಳು, ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟಳು. ಆಮೇಲೆ ನನ್ನ ಬೆನ್ನ ಹಿಂದೆ ಅವಳ ಬಳೆಯ ಸದ್ದು ಬಹಳ ಹೊತ್ತು ಕೇಳಿಸಿತು.

"ಏನು ಮಾಡ್ತಿದೀಯ ಚಿಕ್ಕಮ್ಮ?"

"ಕುಂಕುಮ ಹಚ್ತಿದೀನಿ. ನೀನು ಮುಂದೆ ನೋಡು."

ನಾನು ಮುಂದೆ ನೋಡಿದೆ. ಇಮಾಂ ಸಾಹೇಬರು ಹತ್ತಿರದಲ್ಲೇ ನಿಂತು ಜನರಿಗೆ ತಮ್ಮ ಹೊಲಿಗೆಯನ್ನು ತೋರಿಸುತ್ತಿದ್ದರು. ಚಿಕ್ಕಪ್ಪ ಪ್ರೊಪೆಲ್ಲರ್ ತಿರುಗಿಸಿದರು. ಇಂಜಿನ್ನು ಹೊತ್ತಿತು, ನಿಂಬೆಹಣ್ಣು ಅಪ್ಪಚ್ಚಿಯಾಯಿತು, ಹೊರಟೆ.

ಬಾಲ ಮೇಲೇಳಬೇಕಾದ ಜಾಗ ಬಂತು, ಏಳಲಿಲ್ಲ. ನೆಲ ಬಿಡಬಾರದ ಹೊತ್ತಿಗೆ ಮೂತಿ ಎದ್ದಿತು, ಕರು ಹಗ್ಗ ಕಿತ್ತುಕೊಂಡ ಹಾಗೆ. ಮೂತಿಯನ್ನು ಏರಿಸಿ ಇಳಿಸುವ ಕೋಲನ್ನು ಎರಡೂ ಕೈಯಿಂದ ಮುಂದಕ್ಕೆ ಒತ್ತಿ ಹಿಡಿದೆ. ಏರಿಯ ಮೇಲಿನ ಜನ, ಅವರ ತೆರೆದ ಬಾಯಿಗಳು, ಒಂದು ಕೊಡೆ, ಎಲ್ಲವೂ ನನ್ನ ಕಾಲಡಿಗೆ ಹೋದವು. ಏನು ತಪ್ಪಿದೆಯೆಂದು ಎಷ್ಟು ಯೋಚಿಸಿದರೂ ಹೊಳೆಯಲಿಲ್ಲ. ನನ್ನ ಲೆಕ್ಕದಲ್ಲಿ ತಪ್ಪಿರಬಹುದೆಂಬ ಯೋಚನೆ ನನಗೆ ಬರುವುದು ಸಾಮಾನ್ಯವಾಗಿ ತಡವಾಗಿಯೇ. ತಿರುಗಿ ಇಳಿಯೋಣವೆಂದರೆ ಅಂಗಳದ ತುಂಬ ಜನ ಓಡಿ ಬಂದಿದ್ದರು. ಅದಕ್ಕಿಂತ ಹೆಚ್ಚಾಗಿ, ನಾನು ತಿರುಗಿದರೆ ಚಿಕ್ಕಮ್ಮ ಬಸ್ಸು ಹತ್ತುವುದಿಲ್ಲ. ಬಸ್ಸಿನ ದಾರಿಯನ್ನೇ ಹಿಡಿದು ಮುಂದೆ ಹೋದೆ.

ಮೇಲೆ ಗಾಳಿ ತಂಪಾಗಿತ್ತು. ಕೆಳಗೆ ಗದ್ದೆಗಳ ಬದು, ಕೆಂಪು ರಸ್ತೆ, ಹೊಗೆಯಾಡುವ ಒಂದು ಹಂಚಿನ ಮನೆ. ಚೆಂದವಾಗಿತ್ತೆಂದು ಈಗ ಹೇಳಬಲ್ಲೆ; ಆಗ ನಾನು ನೋಡುತ್ತಿದ್ದದ್ದು ಮೂತಿಯನ್ನೊಂದೇ. ಕೋಲನ್ನು ಒಂದಿಷ್ಟು ಸಡಿಲಿಸಿದರೆ ಸಾಕು, ಮೂತಿ ಆಕಾಶಕ್ಕೆ ಏಳುತ್ತಿತ್ತು. ಹಾಗೆ ಒಂದು ಸಲ ಎದ್ದಾಗ ನಾನು ಹಿಂದಕ್ಕೆ ವಾಲಿದೆ, ಏನೋ ನನ್ನ ಕತ್ತಿಗೆ ಒತ್ತಿತು. ಕೈ ಹಾಕಿದೆ. ಜುಟ್ಟು ಸಿಕ್ಕಿತು. ತೆಂಗಿನಕಾಯಿಯ ಜುಟ್ಟು.

ಆಗ ಜೇಬು ನೆನಪಾಯಿತು. ಗುಂಡಿ ಬಿಚ್ಚಿದರೆ ಒಳಗೆ ಇನ್ನೊಂದು ಕಾಯಿ, ಅದರ ಕೆಳಗೆ ಮತ್ತೊಂದು. ಮೂರು ವರ್ಷದ ಮೇಲೆ ತವರಿಗೆ ಹೋಗುವವಳು ಬರಿಗೈಯಲ್ಲಿ ಹೋಗುವುದುಂಟೇ? ಬಸ್ಸಿನಲ್ಲಿ ಹೊರುವುದಕ್ಕಿಂತ, ಹೇಗೂ ಅಲ್ಲಿಗೇ ಹೋಗುವ ವಿಮಾನದಲ್ಲಿ ಕಳಿಸಿದರೆ ಸುಲಭ ಎಂದು ಚಿಕ್ಕಮ್ಮನಿಗೆ ಅನ್ನಿಸಿದ್ದು ನ್ಯಾಯವೇ. ಅಷ್ಟೂ ಭಾರ ಬಾಲದ ಕಡೆಗೆ ಜೋತುಬಿದ್ದಿತ್ತು. ಹಿಂದಿನ ಭಾರ ಹೋಗಬೇಕು. ಪಾಠದಲ್ಲಿ ಹೇಳುವಷ್ಟೇ ಸ್ಪಷ್ಟವಾಗಿ ಇದು ನನಗೆ ಹೊಳೆಯಿತು. ಒಂದು ಕೈಯಲ್ಲಿ ಕೋಲು ಹಿಡಿದು, ಇನ್ನೊಂದು ಕೈಯಿಂದ ಕಾಯಿಯನ್ನು ಎಳೆದು, ಕೆಳಗೆ ಬರಿಯ ಗದ್ದೆಯಿದೆಯೆಂದು ಖಾತ್ರಿ ಮಾಡಿಕೊಂಡು, ಬಾಲಕ್ಕೆ ತಗಲದಂತೆ ನೇರ ಕೆಳಕ್ಕೆ ಬಿಟ್ಟೆ. ಆಮೇಲೆ ಇನ್ನೊಂದು. ಗದ್ದೆ ಖಾಲಿಯಿತ್ತು ನಿಜ. ಬದುವಿನ ಮರದ ನೆರಳಲ್ಲಿ ಕೂತು ಬುತ್ತಿ ಬಿಚ್ಚುತ್ತಿದ್ದವರು ಮೇಲಿನಿಂದ ಕಾಣುವುದಿಲ್ಲ.

ಶಿರಾಳಕೊಪ್ಪ ಬಂತು. ನನ್ನ ದುರದೃಷ್ಟಕ್ಕೆ ಅಂದು ಸಂತೆ. ಸಂತೆಯ ಮೇಲೆ ಕಾಯಿ ಬಿಡುವಂತಿಲ್ಲ. ಊರು ದಾಟುವವರೆಗೂ ಹಲ್ಲು ಕಚ್ಚಿ ಕೋಲನ್ನು ಒತ್ತಿ ಹಿಡಿದೆ. ಕೆಳಗೆ ಸಾವಿರ ಮುಖ ಒಟ್ಟಿಗೆ ಮೇಲೆ ತಿರುಗಿದವು. ನನ್ನ ಜೀವನದಲ್ಲಿ ಅಷ್ಟು ಜನ ನನ್ನನ್ನು ನೋಡಿದ್ದು ಅದೇ ಮೊದಲು. ಮರೆಯಾಗಲು ಒಂದು ಕಂಬವೂ ಇರಲಿಲ್ಲ. ಊರು ದಾಟಿದ ಮೇಲೆ ಮೂರನೆಯ ಕಾಯಿಯನ್ನೂ ಬಿಟ್ಟೆ; ಅದರ ಕೆಳಗಿನ ಅಕ್ಕಿಯ ಗಂಟು ಕೈಗೆ ಬಂತು. ಗಾಳಿಗೆ ಗಂಟು ಬಿಚ್ಚಿ ಅರ್ಧ ಅಕ್ಕಿ ಸೊರಬ ತಾಲ್ಲೂಕಿಗೆ ಹೋಯಿತು, ಅರ್ಧ ನನ್ನ ಕೋಟಿನ ಕಾಲರಿನೊಳಗೆ ಇಳಿಯಿತು. ಹಪ್ಪಳದ ಕಟ್ಟು ಬಿಚ್ಚಿದಾಗ ಅವು ಒಂದೊಂದಾಗಿ ವಿಮಾನಕ್ಕಿಂತ ಚೆನ್ನಾಗಿ ಹಾರಿಕೊಂಡು ಹೋದವು. ಜೇಬಿನ ತಳದಲ್ಲಿ ಒಂದು ಜಾಡಿಯಿತ್ತು. ಅದು ಮಾತ್ರ ಕೈಗೆ ಎಟಕಲಿಲ್ಲ. ಅಷ್ಟರಲ್ಲಿ ಮೂತಿ ಹದಕ್ಕೆ ಬಂದಿತ್ತು. ಸೊರಬದ ಹೊರಗೆ ಗುರುತು ಮಾಡಿಟ್ಟಿದ್ದ ಗೋಮಾಳ ಕಂಡಿತು. ಇಳಿಸಿದೆ. ಚೆನ್ನಾಗಿ ಇಳಿಸಿದೆನೆಂದು ಹೇಳಲಾರೆ. ಮೂರು ಸಲ ಇಳಿಸಿದೆ ಎನ್ನಬಹುದು.

ಸದ್ದು ಕೇಳಿ ಜನ ಓಡಿ ಬಂದರು. ಅವರನ್ನು ಬಾಣದಂತೆ ಸೀಳಿಕೊಂಡು ಸೊರಬದ ಅಜ್ಜಿ ಬಂದಳು. ವಿಮಾನವನ್ನು ಮೇಲಿನಿಂದ ಕೆಳಗೆ ನೋಡಿದಳು. ನನ್ನನ್ನೂ ನೋಡಿದಳು.

"ಒಬ್ಬಳೇ ಬಂದ್ಯಾ?"

"ಹೂಂ ಅಜ್ಜಿ."

"ಪದ್ದು ಮನೆಯಿಂದ ಬರ್ತಿದೀಯ," ಎಂದು ನನ್ನ ಎರಡೂ ಕೈಯನ್ನು ಮತ್ತೊಮ್ಮೆ ನೋಡಿದಳು, "ಬರಿಗೈಲಿ ಬಂದ್ಯಾ?"

ಅಷ್ಟರಲ್ಲಿ ಹಿಂದಿನಿಂದ ಯಾರೋ ಕಿರುಚಿದರು. ವಿಮಾನದ ಹೊಟ್ಟೆಯ ಬಟ್ಟೆಯಿಂದ ಕೆಂಪಗೆ ತೊಟ್ಟಿಕ್ಕುತ್ತಿತ್ತು. "ರಕ್ತ, ರಕ್ತ!" ಎಂದು ಜನ ಹಿಂದೆ ಸರಿದರು. ಅಜ್ಜಿ ಮಾತ್ರ ಬಗ್ಗಿ, ಮೂಸಿ, ಬೆರಳು ಒಡ್ಡಿ, ನಾಲಿಗೆಗೆ ಇಟ್ಟುಕೊಂಡಳು. ಜಾಡಿ ಒಡೆದ ಮಾವಿನ ಉಪ್ಪಿನಕಾಯಿ.

"ಉಪ್ಪು ಮುಂದಾಗಿದೆ. ಪದ್ದೂಗೆ ಇನ್ನೂ ಕೈ ಹದ ಬಂದಿಲ್ಲ," ಎಂದಳು. ಇನ್ನೊಂದು ಸಲ ಬೆರಳು ಒಡ್ಡಿ ಇನ್ನೊಂದು ಸಲ ನೆಕ್ಕಿದಳು. ಸೆರಗಿನಿಂದ ಕಣ್ಣು ಒರೆಸಿಕೊಂಡು, "ಖಾರ," ಎಂದಳು. ನಾನೂ ಆಮೇಲೆ ರುಚಿ ನೋಡಿದೆ. ಅಷ್ಟೇನೂ ಖಾರವಿರಲಿಲ್ಲ.

ಚಿಕ್ಕಪ್ಪ ಚಿಕ್ಕಮ್ಮ ಬಂದ ಬಸ್ಸು ಮಧ್ಯಾಹ್ನ ಮುಟ್ಟಿತು. ದಾರಿಯಲ್ಲಿ ಬಸ್ಸು ಹತ್ತಿದ ರೈತರೊಬ್ಬರು, ಬುತ್ತಿ ಬಿಚ್ಚಿ ಕೂತಿದ್ದಾಗ ಮೇಲಿನಿಂದ ದೇವರ ಪ್ರಸಾದ ಬಿತ್ತೆಂದು, ಬಿರಿದ ಕಾಯಿಯನ್ನು ಚೂರು ಮಾಡಿ ಬಸ್ಸಿನವರಿಗೆಲ್ಲ ಹಂಚಿದರಂತೆ. ಚಿಕ್ಕಮ್ಮ ತನ್ನ ಪಾಲನ್ನು ಕಣ್ಣಿಗೊತ್ತಿಕೊಂಡು ಅರ್ಧ ತಿಂದ ಮೇಲೆ, ಕರಟಕ್ಕೆ ಹಚ್ಚಿದ ಕುಂಕುಮ ನೋಡಿ, ಅದು ತನ್ನದೇ ಕಾಯಿಯೆಂದು ಗುರುತಿಸಿದಳಂತೆ. ಉಳಿದರ್ಧವನ್ನು ಎಲೆಯಲ್ಲಿ ಸುತ್ತಿಕೊಂಡು ಬಂದು ತಾಯಿಯ ಕೈಗಿಟ್ಟಳು. ಮೂರು ವರ್ಷದ ಮೇಲೆ ತವರಿಗೆ ತಂದದ್ದು ಅಷ್ಟೇ. ತಾಯಿ ಮಗಳು ಇಬ್ಬರೂ ಒಟ್ಟಿಗೆ ಮಾತಾಡತೊಡಗಿದ್ದರಿಂದ ಏನು ಹೇಳಿದರೆಂದು ಯಾರಿಗೂ ತಿಳಿಯಲಿಲ್ಲ. ಚಿಕ್ಕಪ್ಪ ಮಾತ್ರ ಹೊಸ್ತಿಲ ಹೊರಗೇ ನಿಂತಿದ್ದರು.

"ಪದ್ದೂ," ಎಂದಳು ಅಜ್ಜಿ, ಗೋಡೆಯ ಕಡೆ ನೋಡುತ್ತ, "ನಿಮ್ಮ ಯಜಮಾನ್ರ ವಿಮಾನ ಬಂದಾಯ್ತು. ಇನ್ನು ಅವರೂ ಒಳಗೆ ಬರ್ಬೌದು ಅನ್ನು. ಮಣೆ ಹಾಕಿದೀನಿ."

ಚಿಕ್ಕಪ್ಪ ಬಂದು ಕೂತರು. ಮಣೆ ಅಲ್ಲಾಡಿತು. ಊಟ ಮುಗಿಯುವವರೆಗೂ ತಾಳಿ, ಆಮೇಲೆ ಅವರು ಒಂದು ಮೊಳೆ ಕೇಳಿದರು.

ಪಂಕ್ತಿಯಲ್ಲಿ ಸಹಜವಾಗಿ ನನ್ನ ವಿಚಾರಣೆ ನಡೆಯಿತು. "ಎಲ್ಲಾ ಎಸ್ದುಬಿಟ್ಯಾ? ಅಕ್ಕೀನೂ?" ಎಂದಳು ಚಿಕ್ಕಮ್ಮ. ನಾನು ಗಂಭೀರವಾಗಿ, ಎಲ್ಲರಿಗೂ ತಿಳಿಯುವಂತೆ ವಿವರಿಸಿದೆ: ಭಾರ ಹೆಚ್ಚಾಗಿರಲಿಲ್ಲ, ಆದರೆ ಅದಿದ್ದ ಜಾಗ ತಪ್ಪು, ಬಾಲದ ಕಡೆ ಇದ್ದ ಭಾರವನ್ನು ಅಲ್ಲಿಂದ ತೆಗೆಯಲೇಬೇಕಾಗಿತ್ತು. ಚಿಕ್ಕಪ್ಪ ತಲೆದೂಗಿದರು.

"ತೆಗೀಬೇಕಿತ್ತು ಸರಿ ಕಣೇ," ಎಂದಳು ಚಿಕ್ಕಮ್ಮ. "ತೆಗೆದು ಮಡಿಲಲ್ಲಿ ಇಟ್ಕೊಳ್ಳೋಕೆ ಏನಾಗಿತ್ತು? ಎಸೀಬೇಕಾ?"

ನಾನು ನನ್ನ ಮಡಿಲನ್ನು ನೋಡಿಕೊಂಡೆ. ಮಡಿಲು ಇದ್ದದ್ದು ರೆಕ್ಕೆಗಳ ನಡುವೆ, ಭಾರ ಎಲ್ಲಿರಬೇಕೋ ಸರಿಯಾಗಿ ಅಲ್ಲಿ. ಅವಳಿಗೆ ಬೇಕಾಗಿದ್ದದ್ದು ತನ್ನ ಹಪ್ಪಳ, ವಿಜ್ಞಾನವಲ್ಲ. ಆ ಮಾತು ಅಲ್ಲಿಗೆ ಬಿಟ್ಟು ಸಾರಿಗೆ ಉಪ್ಪು ಕೇಳಿದಳು. ಚಿಕ್ಕಪ್ಪ ತಮ್ಮ ಮಜ್ಜಿಗೆಯನ್ನು ಬಹಳ ಆಸಕ್ತಿಯಿಂದ ನೋಡತೊಡಗಿದರು. ಏತದ ತೊಲೆಯನ್ನು ಚಿತ್ರ ಬರೆದು, ಭಾರವನ್ನು ಒಳಕ್ಕೆ ಸರಿಸಿದರೆ ಏನಾಗುತ್ತದೆಂದು ಆ ವರ್ಷವಷ್ಟೇ ಮಕ್ಕಳಿಗೆ ಪಾಠ ಮಾಡಿದ್ದೆ. ಪರೀಕ್ಷೆಗೂ ಕೊಟ್ಟಿದ್ದೆ. ತಪ್ಪು ಬರೆದವರಿಗೆ ಅಂಕ ಕೊಟ್ಟಿರಲಿಲ್ಲ.

ಮರುದಿನವೇ ಮಳೆ ಹಿಡಿದು ಗೋಮಾಳ ಕೆಸರಾಯಿತು. ವಿಮಾನ ರೆಕ್ಕೆ ಬಿಚ್ಚಿಕೊಂಡು ಲಾರಿಯಲ್ಲಿ ಶಿಕಾರಿಪುರಕ್ಕೆ ಹೊರಟಿತು, ಜೊತೆಗೆ ಚಿಕ್ಕಪ್ಪ. ಚಿಕ್ಕಮ್ಮ ಇನ್ನೊಂದಿಷ್ಟು ದಿನ ಇದ್ದು ಬರುತ್ತೇನೆಂದಳು; ಮೂರು ವರ್ಷದ ಮಾತು ಮುಗಿಯಬೇಕಲ್ಲ. ನಾನೊಬ್ಬಳೇ ಬಸ್ಸು ಹತ್ತಿದೆ. ಬರಿಗೈಯಲ್ಲಿ ಬಂದವಳನ್ನು ಬರಿಗೈಯಲ್ಲಿ ಕಳಿಸುವ ಅಜ್ಜಿಯೇ ಅವಳು? ಎರಡು ಕಾಯಿ, ಒಂದು ಗಂಟು ಅಕ್ಕಿ, ಹಪ್ಪಳದ ಕಟ್ಟು, ಉಪ್ಪು ಹದವಾಗಿರುವ ಉಪ್ಪಿನಕಾಯಿಯ ಜಾಡಿ, ಎಲ್ಲವನ್ನೂ ಮಡಿಲಲ್ಲಿ ಪೇರಿಸಿಕೊಂಡು, ಗಲ್ಲವನ್ನು ಅದರ ಮೇಲೆ ಒತ್ತಿ ಹಿಡಿದು ಕೂತೆ.

"ಆ ಕನ್ನಡಕದ ಅಮ್ಮಾರು," ಎಂದು ಕಂಡಕ್ಟರು ಕೂಗಿದ. ಬಸ್ಸಿನವರೆಲ್ಲ ತಿರುಗಿದರು. "ಅಷ್ಟೊಂದು ಯಾಕೆ ಮಡಿಲಲ್ಲಿ ಹೊತ್ಕಂಡಿದೀರಿ? ಹಿಂದಿನ ಸೀಟು ಖಾಲಿ ಐತಿ, ಅಲ್ಲಿಡ್ರಿ."

"ಬೇಡ," ಎಂದೆ. "ಹಿಂದೆ ಭಾರ ಆಗುತ್ತೆ."

ಅವನು ಟಿಕೆಟ್ಟು ಹರಿದು ನನ್ನ ಜಾಡಿಯ ಮೇಲಿಟ್ಟ. "ಇದು ಬಸ್ಸು ಕಣ್ರೀ ಅಮ್ಮಾರೇ," ಎಂದ.